ಹುಳು ಸಾಗಿಸುವ ಕಾರು ಕೈಕೊಟ್ಟ ಆರು ವಾರ

ದೀಪಾವಳಿ ಕಳೆದು ಮೂರನೇ ದಿನ ಬೆಳಿಗ್ಗೆ ಕೀ ತಿರುಗಿಸಿದಾಗ ಕಾರು ‘ಟಕ್’ ಎಂದು ಒಂದೇ ಸಲ ಸದ್ದು ಮಾಡಿ ಸುಮ್ಮನಾಯಿತು. ಎದುರಿನ ದೀಪಗಳು ಉರಿಯುತ್ತಿದ್ದವು. ಹಾರನ್ ಕೂಗುತ್ತಿತ್ತು. ನಾಲ್ಕನೇ ಸಲ ತಿರುಗಿಸಿದಾಗ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು. ಹಿಂದಿನ ಸೀಟು ತೆಗೆದ ಜಾಗದಲ್ಲಿ ಒಂದರ ಮೇಲೊಂದು ಜೋಡಿಸಿದ ಟ್ರೇಗಳಲ್ಲಿ ಎಳೆಯ ರೇಷ್ಮೆ ಹುಳು ಇದ್ದವು. ಅವತ್ತು ಹೊತ್ತಿಗೆ ಸರಿಯಾಗಿ ತಲುಪಿಸಿ ಬಂದೆ. ಆದರೆ ಆ ‘ಟಕ್’ ದಾರಿಯುದ್ದಕ್ಕೂ ಕಿವಿಯಲ್ಲೇ ಇತ್ತು.

ಮಕ್ಕಳೇ, ನನ್ನ ಕಸುಬಿನ ಹೆಸರು ನಿಮಗೆ ಗೊತ್ತು. ಅದರ ಅವಸರ ಗೊತ್ತಿಲ್ಲ. ಸೋಮನಾಥಪುರದ ಪಕ್ಕದ ನಮ್ಮ ಜಮೀನಿನಲ್ಲಿ ನಾನು ಚಾಕಿ ಸಾಕುತ್ತೇನೆ. ಅಂದರೆ ಹುಳು ಮೊಟ್ಟೆಯೊಡೆದ ದಿನದಿಂದ ಏಳೆಂಟು ದಿನ ಎಳೆಗೂಸಿನಂತೆ ನೋಡಿಕೊಂಡು, ಆಮೇಲೆ ಬೇರೆ ರೈತರಿಗೆ ಕೊಡುವ ಕೆಲಸ. ಹುಳು ಪೊರೆ ಬಿಡುವ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ ತಲೆಯೆತ್ತಿ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎರಡನೇ ಜ್ವರಕ್ಕೆ ಕೂತ ಹುಳುವನ್ನು ಅದು ಏಳುವುದರೊಳಗೆ ರೈತನ ಮನೆ ಸೇರಿಸಬೇಕು. ದಾರಿಯಲ್ಲಿ ಎದ್ದರೆ ಹಸಿದು ಸೊರಗುತ್ತವೆ. ಅರ್ಧ ಎದ್ದು ಅರ್ಧ ಕೂತಿದ್ದರಂತೂ ಆ ಬೆಳೆ ಗೂಡು ಕಟ್ಟುವವರೆಗೂ ಒಂದು ಸಮಕ್ಕೆ ಬರುವುದಿಲ್ಲ. ಹುಲ್ಲಹಳ್ಳಿ ಕಡೆಯ ಆರು ಮನೆಯವರು ನನ್ನ ಹತ್ತಿರ ತಪ್ಪದೆ ಚಾಕಿ ತೆಗೆದುಕೊಳ್ಳುತ್ತಿದ್ದರು. ಅವರು ಕೈಬಿಟ್ಟರೆ ನನ್ನ ಚಾಕಿ ಮನೆಗೆ ಬೀಗ ಹಾಕಬೇಕು, ಅಷ್ಟೇ.

ಕಾರು ನಿಮ್ಮ ತಾತ, ನಮ್ಮ ಯಜಮಾನರು, ತಂದದ್ದು. ಇಬ್ಬರು ಓಡಿಸಿ ಬಿಟ್ಟ ಸಣ್ಣ ಪೆಟ್ರೋಲ್ ಕಾರು. ತಾತ ತೀರಿಹೋದ ಮೇಲೆ ಐವತ್ತೆರಡನೇ ವಯಸ್ಸಿನಲ್ಲಿ ನಾನು ಓಡಿಸಲು ಕಲಿತೆ. ಊರಿನ ಗಂಡಸರು ಜಗಲಿ ಮೇಲೆ ಕೂತು ನೋಡಿ ನಕ್ಕರು. ನಕ್ಕವರ ಗಾಡಿಗಳ ಕಥೆ ನನಗೆ ಗೊತ್ತು. ಹಬ್ಬಕ್ಕೊಂದು ಸಲ ಶಾಂಪೂ ಹಾಕಿ ತೊಳೆಯುತ್ತಾರೆ, ಗಾಜಿಗೆ ಮನೆದೇವರ ಹೆಸರು ಬರೆಸುತ್ತಾರೆ, ಆಯಿಲ್ ಕಡ್ಡಿ ಎಲ್ಲಿದೆ ಎಂದು ಕೇಳಿದರೆ ಮೆಕ್ಯಾನಿಕ್ಕನ ಮುಖ ನೋಡುತ್ತಾರೆ. ಬೇಳೆಯೂ ಬೇಯದ ನಮ್ಮ ಬೋರ್‌ವೆಲ್ ನೀರನ್ನು ಚೊಂಬಿನಲ್ಲಿ ತಂದು ರೇಡಿಯೇಟರಿಗೆ ಸುರಿದು, ಅದು ಒಳಗೆ ಸುಣ್ಣ ಕಟ್ಟಿಕೊಂಡಾಗ ‘ಈ ಕಂಪನಿ ಗಾಡಿನೇ ಸರಿಯಿಲ್ಲ’ ಎನ್ನುತ್ತಾರೆ. ನಾನು ಐದು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸುತ್ತಿದ್ದೆ, ಅಂಗಡಿಯ ಕೂಲಂಟನ್ನೇ ಹಾಕುತ್ತಿದ್ದೆ. ಪ್ರತಿ ಶನಿವಾರ ಬಾನೆಟ್ ಎತ್ತಿ ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಎಲ್ಲಿ ಎಣ್ಣೆ ಜಿನುಗಿದೆ, ಯಾವ ಪೈಪು ಬಿರುಕು ಬಿಟ್ಟಿದೆ ಎಂದು ನೋಡುತ್ತಿದ್ದೆ. ಹಳೆ ಕಾರು ಇಟ್ಟುಕೊಳ್ಳುವ ವಿದ್ಯೆ ಇಷ್ಟೇ. ಕೆಡುವ ಮುಂಚೆ ನೋಡಬೇಕು. ನೋಡುತ್ತೇನೆ ಎಂಬ ಜಂಬವೂ ನನಗಿತ್ತು.

ಮೊದಲು ಟಿ. ನರಸೀಪುರದ ಮೆಕ್ಯಾನಿಕ್ಕನಿಗೆ ತೋರಿಸಿದೆ. ಅವನು ಬಾನೆಟ್ ಎತ್ತಿ ಇಂಜಿನ್ ನೋಡಲಿಲ್ಲ, ನನ್ನನ್ನು ನೋಡಿದ.

“ಬ್ಯಾಟ್ರಿ ಓಗದೆ ಕಣಮ್ಮ.”

“ಮೀಟ್ರು ಇಟ್ಟು ನೋಡಲ್ವಾ?”

“ಇಪ್ಪತ್ ವರ್ಷದ ಸರ್ವಿಸ್ಸು ಕಣಮ್ಮ ನಂದು. ಮೀಟ್ರು ಯಾಕೆ?”

ಇಪ್ಪತ್ತು ವರ್ಷ ಮೀಟರಿಲ್ಲದೆ ಬ್ಯಾಟರಿ ಮಾರಿದ್ದಾನೆ ಎಂದು ಅರ್ಥ ಮಾಡಿಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ನಾಲ್ಕು ಜನರ ಎದುರು ಮಾತು ಹೊರಡದ ಹೆಂಗಸು ನಾನು, ನಿಮಗೂ ಗೊತ್ತು. ಅವನು ಹಳೆ ಬ್ಯಾಟರಿ ಎತ್ತಿದ. ಅದರ ಪಕ್ಕದ ತಗಡಿನ ಮೇಲೆ ಆಯುಧಪೂಜೆಯ ವಿಭೂತಿ ಪಟ್ಟೆ, ಅರಿಸಿನ ಕುಂಕುಮ ಇದ್ದವು. ಅಲ್ಲಿಗೆ ಅವನ ಕೈ ತಾಕಿತು. ಬೆರಳನ್ನು ಕಣ್ಣಿಗೆ ಒತ್ತಿಕೊಂಡು, ಆ ಜಾಗವನ್ನು ಬಿಟ್ಟು ಸುತ್ತ ಒರೆಸಿದ. ಕಳ್ಳನಾದರೂ ದೇವರೆಂದರೆ ಭಯ ಇದೆ ಎಂದು ಸಮಾಧಾನ ಮಾಡಿಕೊಂಡೆ.

ಹೊಸ ಬ್ಯಾಟರಿಯಲ್ಲಿ ಕಾರು ಒಂಬತ್ತು ದಿನ ಚೆನ್ನಾಗಿ ಸ್ಟಾರ್ಟ್ ಆಯಿತು. ಹತ್ತನೇ ದಿನ ಹುಲ್ಲಹಳ್ಳಿಗೆ ಹುಳು ಹೊರಟಿತ್ತು. ನಂಜನಗೂಡು ಮುಟ್ಟುವ ಮುಂಚೆ ಒಂದು ಬಂಕಿನಲ್ಲಿ ಪೆಟ್ರೋಲ್ ಹಾಕಿಸಲು ಇಂಜಿನ್ ನಿಲ್ಲಿಸಿದೆ. ಹಾಕಿಸಿದ ಮೇಲೆ ಕೀ ತಿರುಗಿಸಿದರೆ, ಟಕ್.

ಬಂಕಿನ ಹುಡುಗರು ಕಾರನ್ನು ಒಂದು ಪಕ್ಕಕ್ಕೆ ಸರಿಸಿ ತಮ್ಮ ಕೆಲಸಕ್ಕೆ ಹೋದರು. ಎದುರಿನ ಟೀ ಅಂಗಡಿಯಿಂದ ಐದಾರು ಗಂಡಸರು ಲೋಟ ಹಿಡಿದುಕೊಂಡೇ ಬಂದು ಸುತ್ತ ನಿಂತರು.

“ಪ್ಲಗ್ಗು ಕಣ್ಲಾ ಇದು.”

“ಪ್ಲಗ್ಗಂತೆ. ಲೇ, ಪೆಟ್ರೋಲ್‌ಗೆ ನೀರು ಸೇರದೆ. ವಾಸ್ನೆ ನೋಡು.”

“ಇಂಥ ಗಾಡಿನ ಎಂಗಸ್ರು ಕೈಗೆ ಯಾಕ್ ಕೊಡ್ತಾರೋ.”

ಎರಡನೇ ಗೇರಿನಲ್ಲಿಟ್ಟು ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಎಂದು ನನಗೆ ಗೊತ್ತಿತ್ತು. ‘ಸ್ವಲ್ಪ ತಳ್ಳಿಕೊಡಿ’ ಎಂದರೆ ಸಾಕಿತ್ತು. ಆ ಎರಡು ಪದ ಬಾಯಿಗೆ ಬರಲಿಲ್ಲ. ನಾನು ಕೇಳಲಿಲ್ಲ, ಅವರಿಗೆ ತೋಚಲಿಲ್ಲ. ಬಿಸಿಲು ಏರಿತು. ಟ್ರೇಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಕಿಟಕಿ ಇಳಿಸಿ, ಸ್ಟೇರಿಂಗ್ ಹಿಡಿದು ಕೂತೆ. ಮೂರು ಗಂಟೆ ಕಳೆದ ಮೇಲೆ ಹೂವಿನ ಕುಕ್ಕೆ ಹೊತ್ತು ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು, “ಆಗ್ಲಿಂದ ನೋಡ್ತಾ ಇವ್ನಿ, ಗ್ವಾಡೆ ನಿಂತಂಗೆ ನಿಂತವ್ರೆ. ಬಂದು ತಳ್ರೋ ಅತ್ಲಾಗೆ” ಎಂದು ಗದರಿದಳು. ತಳ್ಳಿದರು. ಹತ್ತು ಹೆಜ್ಜೆಗೆ ಸ್ಟಾರ್ಟ್ ಆಯಿತು.

ಹುಲ್ಲಹಳ್ಳಿಯಲ್ಲಿ ಆ ಆರು ಮನೆಯವರ ಪರವಾಗಿ ಹುಳು ಇಳಿಸಿಕೊಳ್ಳುತ್ತಿದ್ದವಳು ನನ್ನ ವಾರಗೆಯ ಒಬ್ಬ ರೈತ ಹೆಂಗಸು. ಆಕೆ ಟ್ರೇ ಮೇಲಿನ ಕಾಗದ ಎತ್ತಿ ನೋಡಿದಳು. ಹುಳುಗಳು ಸೊಪ್ಪು ಹುಡುಕುತ್ತಾ ಅಂಚಿಗೆ ಹರಿದಾಡುತ್ತಿದ್ದವು.

“ಅರ್ಧ ಎದ್ಬುಟ್ಟವೆ, ಅರ್ಧ ಕೂತವೆ. ಇದ್ನ ಎಂಗೆ ಮೇಯ್ಸನವ್ವ ನಾನು?”

“ನರಸೀಪುರದ ಮೆಕ್ಯಾನಿಕ್ಕು ಮೋಸ ಮಾಡ್ಬುಟ್ಟ” ಎಂದೆ.

“ಮೆಕ್ಯಾನಿಕ್ಕ ಮಾಡ್ದ ಅಂತ ಉಳ ಕೇಳ್ತಾವಾ? ಇನ್ನೊಂದ್ಸಲ ಇಂಗಾದ್ರೆ ನಾವು ಬೇರೆ ಕಡೆ ನೋಡ್ಕತೀವಿ. ಬೇಜಾರು ಮಾಡ್ಕೋಬ್ಯಾಡಿ.”

ಬೇಜಾರು ಮಾಡಿಕೊಳ್ಳಲು ನನಗೆ ಹಕ್ಕಿರಲಿಲ್ಲ. ಆ ಬೆಳೆ ಅವರಿಗೆ ಸರಿಯಾಗಿ ಬರಲಿಲ್ಲ ಎಂದು ಆಮೇಲೆ ತಿಳಿಯಿತು.

ಮೆಕ್ಯಾನಿಕ್ಕ ಈ ಸಲ ಸೆಲ್ಫ್ ಮೋಟಾರು ಎಂದ. ಇಂಜಿನನ್ನು ಮೊದಲು ತಿರುಗಿಸುವ ಮೋಟಾರು ಅದು. ಬಿಚ್ಚಿ, ಕಾರ್ಬನ್ ಬದಲಿಸಿ, ಗ್ರೀಸ್ ಬಳಿದು ಹಾಕಿದ. ಒಂದು ವಾರ ನಡೆಯಿತು. ಮತ್ತೆ ಟಕ್. ಆಗ ಅವನನ್ನು ಬಿಟ್ಟು ನಂಜನಗೂಡಿನ ದೊಡ್ಡ ಗ್ಯಾರೇಜಿಗೆ ಹೋದೆ. ಅಲ್ಲಿ ಕಾಯುವವರಿಗೆ ಸೋಫಾ, ಗಾಜಿನ ಕೋಣೆ, ಮೀನಿನ ತೊಟ್ಟಿ. ಕೈಗೆ ರಬ್ಬರ್ ಗವಸು ಹಾಕಿದವನೊಬ್ಬ ಬಂದು ಕಾರಿಗೆ ಕಂಪ್ಯೂಟರಿನ ವೈರು ಚುಚ್ಚಿದ.

“ಸೆನ್ಸರ್ ಇರ್ಬೋದು ಮೇಡಂ. ಇಲ್ಲಾಂದ್ರೆ ವೈರಿಂಗ್ ಪೂರ್ತಿ ಚೇಂಜ್ ಮಾಡ್ಬೇಕಾಯ್ತದೆ. ಮೂರ್ ದಿನ ಬಿಟ್ಟೋಗಿ.”

ಇರಬಹುದು ಎಂಬ ಮಾತು ಹೇಳಲು ಕಂಪ್ಯೂಟರು ಯಾಕೆ? ನರಸೀಪುರದವನು ಅದನ್ನು ಬರಿಗೈಯಲ್ಲೇ ಹೇಳಿದ್ದ. ಇವನ ಶಿಸ್ತು ಮಾತ್ರ ಹೆಚ್ಚು. ವಿಭೂತಿ ಇಟ್ಟ ಜಾಗವನ್ನು ಕಂಡು, “ಪೂಜೆ ಜಾಗ ಗಲೀಜಾಗದು ಬ್ಯಾಡ” ಎಂದು ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೆಲಸ ಮಾಡಿದ. ಮೂರು ದಿನದ ಮೇಲೆ ಒಂದು ಸೆನ್ಸರ್ ಬದಲಿಸಿ ಕೊಟ್ಟ. ಐದು ದಿನ ನಡೆಯಿತು.

ಅಷ್ಟು ಹೊತ್ತಿಗೆ ಸುದ್ದಿ ದೇವನೂರಿನಲ್ಲಿರುವ ನನ್ನ ಮೈದುನನಿಗೆ ಮುಟ್ಟಿತ್ತು. ಕೇಳದಿದ್ದರೂ ಬುದ್ಧಿ ಹೇಳಲು ಬಸ್ಸು ಹತ್ತಿ ಬರುವ ಜನ ಇರುತ್ತಾರೆ. ಅವನು ಅಂಥವನು. ಈ ಸಲ ಬಸ್ಸಿನಲ್ಲಿ ಬರಲಿಲ್ಲ. ಬ್ರೋಕರ್ ಒಬ್ಬನ ಜೊತೆ ಬಿಳಿ ಕಾರಿನಲ್ಲಿ ಬಂದಿಳಿದ.

“ಅತ್ತಿಗೆಮ್ಮ, ಆ ಡಬ್ಬನ ಇನ್ನೆಷ್ಟ್ ದಿನ ಎಳ್ಕಂಡು ತಿರುಗ್ತೀರ? ಇದ್ನ ಗುಜ್ರಿಗಾಕಿ, ಈ ಗಾಡಿ ತಗಳಿ. ಡಾಕ್ಟ್ರು ಓಡ್ಸಿರೋದು. ಒಬ್ರದೇ ಕೈ, ಸಿಂಗಲ್ ಆ್ಯಂಡು.”

ಮಾರಾಟಕ್ಕೆ ಬರುವ ಹಳೆ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ. ಅವರು ರೋಗಿಗಳನ್ನು ಯಾವಾಗ ನೋಡುತ್ತಾರೋ ತಿಳಿಯದು. ಸೀಟಿಗೆ ಹೊಸ ಕವರ್ ಇತ್ತು, ಟಯರಿಗೆ ಕಪ್ಪು ಪಾಲಿಷ್ ಇತ್ತು. ನಾನು ಏನೂ ಹೇಳದೆ ಬಾನೆಟ್ ಎತ್ತಿದೆ. ಆಯಿಲ್ ಕಡ್ಡಿ ಎಳೆದರೆ ಡಾಂಬರು. ಆಯಿಲ್ ಸುರಿಯುವ ಮುಚ್ಚಳ ತಿರುವಿ ನೋಡಿದರೆ ಅದರ ಒಳಗೆ ಕಾಫಿ ನೊರೆಯಂಥದು ಮೆತ್ತಿಕೊಂಡಿತ್ತು. ನೀರು ಹೋಗಿ ಆಯಿಲಿಗೆ ಸೇರುತ್ತಿದೆ ಎಂದು ಅದರರ್ಥ. ಅಂಥ ಇಂಜಿನ್ ಇಂದಲ್ಲ ನಾಳೆ ಬಿಚ್ಚಲೇಬೇಕು. ಮುಚ್ಚಳವನ್ನು ಹಾಗೇ ಮೈದುನನ ಕೈಗೆ ಕೊಟ್ಟೆ. ಅವನು ಹಿಂದೆ ಮುಂದೆ ತಿರುಗಿಸಿ, “ಚೆನ್ನಾಗದಲ್ಲ” ಎಂದ.

“ಯೋಚ್ನೆ ಮಾಡ್ತೀನಿ” ಎಂದು ಕಾಫಿ ಕೊಟ್ಟು ಕಳಿಸಿದೆ.

ಅವರು ಹೋದ ಮೇಲೆ ನಿಜವಾಗಿಯೂ ಯೋಚನೆ ಮಾಡಿದೆ. ಮುಂದಿನ ಹುಳು ಎರಡನೇ ಜ್ವರಕ್ಕೆ ಕೂರಲು ಆರು ದಿನ ಇತ್ತು. ಮೂರು ಸಲ ರಿಪೇರಿ ಆಗಿತ್ತು. ಮೂರು ಸಲವೂ ಕೆಲವು ದಿನ ಚೆನ್ನಾಗಿದ್ದು ಕೆಟ್ಟಿತ್ತು. ಬೇರೆ ಬೇರೆ ಮೂರು ವಸ್ತು ಬದಲಿಸಿದಾಗಲೂ ಒಂದೇ ಥರ ಸರಿಹೋಗಿ ಒಂದೇ ಥರ ಕೆಟ್ಟರೆ, ಆ ಮೂರರಲ್ಲಿ ಯಾವುದೂ ಕಾರಣವಲ್ಲ. ಮೂರು ಸಲವೂ ಅವರು ಗೊತ್ತಿಲ್ಲದೆ ಮಾಡಿದ ಬೇರೆ ಯಾವುದೋ ಒಂದು ಕೆಲಸ ಇರಬೇಕು. ಇನ್ನು ಅದು ಏನೆಂದು ತಿಳಿಯುವವರೆಗೆ ಒಂದು ಸ್ಕ್ರೂ ಸಹ ಬದಲಿಸುವುದಿಲ್ಲ, ಯಾರಿಗೂ ಬಾನೆಟ್ ಎತ್ತಿ ಕೊಡುವುದಿಲ್ಲ ಎಂದು ತೀರ್ಮಾನ ಮಾಡಿದೆ.

ಟಿ. ನರಸೀಪುರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಮುದುಕರೊಬ್ಬರಿದ್ದಾರೆ. ನಮ್ಮ ಬೋರ್‌ವೆಲ್ ಮೋಟಾರು ಅವರ ಕೈಯಲ್ಲೇ ಇಷ್ಟು ವರ್ಷ ಉಳಿದಿದೆ. ಬಸ್ಸಿನಲ್ಲಿ ಹೋಗಿ ಅವರ ಅಂಗಡಿಯ ಬಾಗಿಲಲ್ಲಿ ನಿಂತು ವಿಷಯ ಹೇಳಿದೆ. ಅವರು ತಲೆ ಎತ್ತಲಿಲ್ಲ, ಕೈಯಲ್ಲಿದ್ದ ತಾಮ್ರದ ತಂತಿ ಸುತ್ತುತ್ತಲೇ ಕೇಳಿಸಿಕೊಂಡರು.

“ಕರೆಂಟು ಓಗಕ್ಕೂ ದಾರಿ ಬೇಕು, ವಾಪಸ್ ಬರಕ್ಕೂ ದಾರಿ ಬೇಕು ಕಣವ್ವ. ಎಲ್ರೂ ಓಗೋ ದಾರಿನೇ ನೋಡ್ತಾರೆ. ವಾಪಸ್ ಬರೋ ಕಪ್ಪು ಕೇಬಲ್ ನೋಡುದ್ರಾ?”

“ನೋಡ್ಲಿಲ್ಲ.”

“ಲೈಟಿಗೆ, ಆರನ್‌ಗೆ ಸಣ್ಣ ದಾರಿ ಸಾಕು. ಸೆಲ್ಪು ದೊಡ್ಡ ಒಟ್ಟೆ ಬಾಕ. ಅದಕ್ಕೆ ರಾಜಬೀದಿನೇ ಬೇಕು.”

ಒಂದು ಸಣ್ಣ ಮೀಟರನ್ನು ಕೈಗಿಟ್ಟು ಹೇಗೆ ಹಿಡಿಯಬೇಕೆಂದು ತೋರಿಸಿದರು. ಮೀಟರಿನ ಎರಡು ಕಡ್ಡಿಗಳನ್ನು ದಾರಿಯ ಎರಡು ತುದಿಗೆ ಇಟ್ಟು, ಅದೇ ಹೊತ್ತಿಗೆ ಇನ್ನೊಬ್ಬರು ಕೀ ತಿರುಗಿಸಬೇಕು. ದಾರಿ ಚೆನ್ನಾಗಿದ್ದರೆ ಮೀಟರು ಅರ್ಧ ವೋಲ್ಟೂ ತೋರಿಸುವುದಿಲ್ಲ. ಎಲ್ಲಿ ತಡೆ ಇದೆಯೋ ಅಲ್ಲಿ ಏರುತ್ತದೆ. ಬ್ಯಾಟರಿಯಿಂದ ಒಂದೊಂದೇ ಗೇಣು ಮುಂದೆ ಹೋಗುತ್ತಾ ನೋಡಬೇಕು. ಇಡೀ ಆರು ವಾರದಲ್ಲಿ ತನಗೆ ಗೊತ್ತಿದ್ದಷ್ಟನ್ನೇ ಹೇಳಿ ಸುಮ್ಮನಾದ ಮನುಷ್ಯ ಇವರೊಬ್ಬರು.

ಮನೆಗೆ ಬಂದು, ಚಾಕಿ ಮನೆಯಲ್ಲಿ ನನ್ನ ಜೊತೆ ಸೊಪ್ಪು ಕತ್ತರಿಸುವ ಹೆಂಗಸನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಗೇರು ನ್ಯೂಟ್ರಲ್ಲಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದೆ. ಅವಳು ಸ್ಟೇರಿಂಗನ್ನು ಮುಟ್ಟದೆ ಕೈ ಮಡಚಿ ಕೂತಳು.

“ಅಕ್ಕೋ, ನಾನು ತಿರುಗ್ಸಿ, ಇದು ಓಡೋಗ್ಬುಟ್ರೆ?”

“ಓಡಲ್ಲ ಅಂತ ತಾನೆ ಇಷ್ಟೆಲ್ಲ ಮಾಡ್ತಿರೋದು. ತಿರುಗ್ಸು.”

ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟಾರು ಕೂತಿರುವ ಗೇರ್‌ಬಾಕ್ಸಿನ ಮೈಗೆ ಹಿಡಿದೆ. ಟಕ್ ಎಂದಾಗ ಮೀಟರು ಎಂಟು ವೋಲ್ಟಿಗೆ ಹಾರಿತು. ಅಲ್ಲಿಗೆ ಬ್ಯಾಟರಿ, ಸೆಲ್ಫ್ ಮೋಟಾರು, ಸೆನ್ಸರ್ ಎಲ್ಲವೂ ನಿರಪರಾಧಿಗಳಾದವು. ತಡೆ ವಾಪಸು ಬರುವ ದಾರಿಯಲ್ಲಿತ್ತು. ಇನ್ನು ಗೇಣು ಗೇಣು. ಕಂಬದಿಂದ ಅದನ್ನು ಹಿಡಿದ ಕ್ಲ್ಯಾಂಪಿಗೆ ಸೊನ್ನೆ. ಕ್ಲ್ಯಾಂಪಿನಿಂದ ಕೇಬಲ್ಲಿನ ತುದಿಗೆ ಹೆಚ್ಚುಕಡಿಮೆ ಸೊನ್ನೆ. ಆ ತುದಿಯಿಂದ ಅದನ್ನು ಬೋಲ್ಟು ಹಾಕಿ ಕೂರಿಸಿದ್ದ ತಗಡಿಗೆ ಕಡ್ಡಿ ಇಡಲು ಹೋದರೆ ತಗಡು ಸಿಗಲಿಲ್ಲ. ಮೇಲೆ ವಿಭೂತಿ ಇತ್ತು.

ಬಾನೆಟ್ ಎತ್ತಿದರೆ ಎದುರಿಗೆ ಕಾಣುವ, ಬಿಸಿಯಾಗದ, ಸಪಾಟಾದ ಜಾಗ ಅದೊಂದೇ. ನಿಮ್ಮ ತಾತ ಮೊದಲ ವರ್ಷ ಅಲ್ಲಿ ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಆಮೇಲೆ ಪ್ರತಿ ಆಯುಧಪೂಜೆಗೂ ಅಲ್ಲೇ. ಅವರ ನಂತರ ನಾನು. ಹಿಪ್ಪುನೇರಳೆಗೆ ಔಷಧಿ ಹೊಡೆಯುವ ಪಂಪಿಗೆ ಶುದ್ಧ ನೀರು ತುಂಬಿ ಇಂಜಿನ್ನಿಗೆಲ್ಲ ಸ್ನಾನ ಮಾಡಿಸಿ, ಆ ಒದ್ದೆ ತಗಡಿನ ಮೇಲೆ ವಿಭೂತಿ, ಅರಿಸಿನ, ಕುಂಕುಮ, ಮೇಲೆ ತೀರ್ಥ. ಶನಿವಾರ ಶನಿವಾರ ಎಲ್ಲ ಕಡೆ ಒರೆಸುತ್ತಿದ್ದವಳು ಅದನ್ನೊಂದು ಬಿಟ್ಟು ಒರೆಸುತ್ತಿದ್ದೆ. ವರ್ಷವರ್ಷದ ಬೂದಿ ನೀರು ಹೀರಿಕೊಂಡು, ಬ್ಯಾಟರಿಯ ಆವಿ ಹೀರಿಕೊಂಡು, ಗಾರೆಯಂತೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿನಲ್ಲಿ ಮೀಟಿದೆ. ಒಣಗಿದ ಗಾಯದ ಹಕ್ಕಳೆಯಂತೆ ಎದ್ದು ಬಂತು. ಕೆಳಗೆ ಬೋಲ್ಟಿನ ತಲೆ ಅರ್ಧ ತಿಂದುಹೋಗಿತ್ತು. ಕೇಬಲ್ಲಿನ ತುದಿ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗುತ್ತಿತ್ತು.

ಮೆಕ್ಯಾನಿಕ್ಕರು ಬ್ಯಾಟರಿ ಬಿಚ್ಚಿ ಹಾಕುವಾಗಲೆಲ್ಲ ಆ ಕೇಬಲ್ ಅಲುಗಾಡುತ್ತಿತ್ತು. ಅಲುಗಾಡಿದಾಗ ಎಲ್ಲೋ ಒಂದು ಕಡೆ ತಾಮ್ರ ತಗಡಿಗೆ ತಾಕಿ ಕೆಲವು ದಿನ ನಡೆಯುತ್ತಿತ್ತು. ಆ ಕೆಲವು ದಿನಗಳ ಕೀರ್ತಿ ಬ್ಯಾಟರಿಗೆ, ಸೆನ್ಸರಿಗೆ ಹೋಯಿತು. ಇಬ್ಬರು ಮೆಕ್ಯಾನಿಕ್ಕರಿಗೂ ಭಕ್ತಿ ಇತ್ತು, ಮೀಟರಿಡುವ ಬುದ್ಧಿ ಇರಲಿಲ್ಲ. ಅವರ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಆದರೆ ಗಾರೆಯ ಮೇಲೆ ಒತ್ತಿದ್ದ ಮೂರು ಬೆರಳಿನ ಗುರುತು ಅವರದಲ್ಲ.

ರಿಪೇರಿ ಹೀಗೆ ಮಾಡಿದೆ, ಬರೆದಿಟ್ಟುಕೊಳ್ಳಿ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆ. ಬೋಲ್ಟಿಗೆ ರಾತ್ರಿಯಿಡೀ ಸೀಮೆಎಣ್ಣೆ ಕುಡಿಸಿ ಬೆಳಿಗ್ಗೆ ಹತ್ತನೇ ನಂಬರ್ ಸ್ಪ್ಯಾನರಿನಲ್ಲಿ ಮೆಲ್ಲಗೆ, ಅರ್ಧ ಸುತ್ತು ಹಿಂದೆ ಕಾಲು ಸುತ್ತು ಮುಂದೆ ತಿರುಗಿಸುತ್ತಾ ತೆಗೆದೆ. ಜಾಗವನ್ನು ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು ಒಣಗಿಸಿದೆ. ತಂತಿ ಬ್ರಷ್ಷು, ಆಮೇಲೆ ಉಪ್ಪುಕಾಗದ ಹಾಕಿ ತಗಡು ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿದೆ. ವೈಂಡಿಂಗ್ ಮುದುಕರು ಹೊಸ ಕೇಬಲ್ ಮಾಡಿಕೊಟ್ಟರು, ಅಲ್ಲಿಂದ ಗೇರ್‌ಬಾಕ್ಸಿಗೆ ಹೋಗುವ ಪಟ್ಟಿಯನ್ನೂ ಬದಲಿಸಿಕೊಟ್ಟರು. ಹೊಸ ಬೋಲ್ಟು ಬಿಗಿ ಮಾಡಿದ ಮೇಲೆ, ಮುಂಚೆ ಅಲ್ಲ, ಮೇಲೆ ವ್ಯಾಸಲೀನ್ ಬಳಿದೆ. ಮತ್ತೆ ಮೀಟರು ಹಿಡಿದೆವು. ಕಾಲು ವೋಲ್ಟಿಗಿಂತ ಕಡಿಮೆ. ಕೀ ತಿರುಗಿಸಿದ ಹೆಂಗಸು ಇಂಜಿನ್ ಸದ್ದಿಗೆ ಬೆಚ್ಚಿ ಬಾಗಿಲು ತೆಗೆದು ಇಳಿದೇಬಿಟ್ಟಳು. ಪೂಜೆ ಈಗಲೂ ಮಾಡುತ್ತೇನೆ. ವಿಭೂತಿ ಬಾನೆಟ್ಟಿನ ಹೊರಗೆ ಇಡುತ್ತೇನೆ, ಮೂರನೇ ದಿನ ಒರೆಸುತ್ತೇನೆ.

ಎರಡು ದಿನದ ಮೇಲೆ ಹುಳು ಜ್ವರಕ್ಕೆ ಕೂತವು. ಬೆಳಕು ಹರಿಯುವ ಹೊತ್ತಿಗೆ ಹೊರಟು, ತಂಪು ಇರುವಾಗಲೇ ಹುಲ್ಲಹಳ್ಳಿ ತಲುಪಿದೆ. ಆರು ಮನೆಯವರೂ ಆ ಹೆಂಗಸಿನ ಅಂಗಳದಲ್ಲಿ ನಿಂತಿದ್ದರು. ಹುಳುವಿಗಾಗಿ ಕಾಯುತ್ತಿದ್ದರೋ ನನ್ನನ್ನು ಬಿಡಲು ಕಾಯುತ್ತಿದ್ದರೋ ಮುಖದಲ್ಲಿ ಗೊತ್ತಾಗಲಿಲ್ಲ. ನಿಲ್ಲಿಸಿದರೆ ಮತ್ತೆ ಟಕ್ ಎಂದೀತೆಂಬ ಭಯಕ್ಕೆ ಇಂಜಿನ್ ಓಡುತ್ತಿರುವಂತೆಯೇ ಇಳಿದು ಮೇಲಿನ ಟ್ರೇ ಕೊಟ್ಟೆ. ಆಕೆ ಕಾಗದ ಎತ್ತಿದಳು. ಎಲ್ಲ ಹುಳುವೂ ತಲೆಯೆತ್ತಿ ಅಲುಗಾಡದೆ ಕೂತಿದ್ದವು.

“ಸರ್ಯಾಗವೆ” ಎಂದಳು.

ಅವರಲ್ಲೊಬ್ಬ ಹಿರಿಯ, “ಆ ನರಸೀಪುರದ ಮೆಕ್ಯಾನಿಕ್ಕನ್ನ ನೀವು ಸುಮ್ನೆ ಬುಡಬಾರ್ದಾಗಿತ್ತು ಕಣವ್ವ. ನಮ್ ಬೆಳೆ ಆಳು ಮಾಡ್ದ ಕಳ್ನನ್ಮಗ” ಎಂದ. ಉಳಿದವರು ಹೂಂಗುಟ್ಟಿದರು.

ಸುಮ್ಮನಿದ್ದಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಬೈಸಿಕೊಳ್ಳಲು ಅವನು ಯೋಗ್ಯನೇ. ಆದರೆ ಹಾಳಾದದ್ದು ಇವರ ಬೆಳೆ. ಯಾರಿಂದ ಹಾಳಾಯಿತು ಎಂದು ತಿಳಿಯದೆ ಮುಂದಿನ ಬೆಳೆಗೆ ನನ್ನನ್ನು ನಂಬಿ ಎಂದು ಹೇಗೆ ಕೇಳಲಿ? ಆರು ಮನೆಯವರ ಮುಖ ನೋಡಲಾಗದೆ ಕಾರಿನ ಚಕ್ರ ನೋಡುತ್ತಾ ಹೇಳಿದೆ. “ಅವನು ಬ್ಯಾಟ್ರಿ ಮಾರ್ದ, ನಿಜ. ಆದ್ರೆ ನಿಮ್ ಬೆಳೆ ಕೆಡಸಿದ್ದು ನಾನು. ಪೂಜೆ ಮಾಡಿ ಮಾಡಿ ಬೋಲ್ಟು ಕೊಳಿಸ್ಬುಟ್ಟಿದ್ದೆ. ಅವತ್ತು ಬಂಕಲ್ಲಿ ತಳ್ಳಿ ಅಂತ ಕೇಳಿದ್ರೆ ಹತ್ತು ನಿಮಿಷಕ್ಕೆ ಹೊರಡ್ತಿತ್ತು. ನಾಚ್ಕಂಡು ಮೂರು ಗಂಟೆ ಕೂತಿದ್ದೆ.”

ಆ ಹೆಂಗಸು ಟ್ರೇಯ ಕಾಗದವನ್ನು ಮತ್ತೆ ಮುಚ್ಚಿದಳು.

“ಅಷ್ಟೊಂದು ಮೆತ್ತುದ್ರೆ ದೇವ್ರಿಗೂ ಉಸ್ರು ಕಟ್ತದೆ ಕಣವ್ವ” ಎಂದಳು. ಆಮೇಲೆ ಗಂಡಸರ ಕಡೆ ತಿರುಗಿ, “ಏನ್ ನಿಂತ್ಕಂಡ್ರಿ? ಬಿಸ್ಲು ಏರೋದ್ರೊಳಗೆ ಮಿಕ್ಕಿದ್ ಟ್ರೇ ಇಳ್ಸಿ” ಎಂದಳು.

ನಾನು ಮತ್ತೆ ಕಾರಿನೊಳಗೆ ಬಾಗಿ, ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದೆ.